ದೊಡ್ಡ ಕೂಸಿನ ಚಿಂತೆ

"ಕೂಸು ಸ್ವಲ್ಪ ದೊಡ್ಡದಿದೆ" ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ನನ್ನ ಮಗಳ ಮುಖ ಬಾಡಿತು, ಅಳಿಯನ ಮುಖ ಅರಳಿತು. ನಡುವೆ ಕೂತ ನನಗೆ ಯಾವ ಮುಖ ಮಾಡಬೇಕೆಂದು ತಿಳಿಯಲಿಲ್ಲ. ಕಣ್ಣ ಮುಂದೆ ಬಂದದ್ದು ನಮ್ಮಣ್ಣನ ಬಲಗೈ.

ಇದು 2022ರ ಮಾತು. ಮಗಳಿಗೆ ಆಗ ಏಳು ತಿಂಗಳು, ಚೊಚ್ಚಲು. ಬೆಂಗಳೂರಿನಲ್ಲಿ ನೌಕರಿ ಮಾಡುವವಳು ಹೆರಿಗೆಗೆಂದು ತವರಿಗೆ, ನಮ್ಮ ಗೊಳಸಂಗಿಗೆ ಬಂದಿದ್ದಳು. ವಿಜಯಪುರದ ಆಸ್ಪತ್ರೆಗೆ ಹೆದ್ದಾರಿ ಹಿಡಿದರೆ ತಾಸಿನ ದಾರಿ. ಅಂದು ವಾಪಸು ಬರುವಾಗ ಮನಗೂಳಿ ದಾಟಿದರೂ ಕಾರಿನಲ್ಲಿ ಮಾತಿಲ್ಲ. ಕೂಡಗಿಯ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳು ಕಾಣತೊಡಗಿದಾಗ ಮಗಳು ಮೆಲ್ಲಗೆ ಕೇಳಿದಳು: "ಅವ್ವಾ, ಮಾಮಾಗ ಆದಂಗ ಆಗೂದಿಲ್ಲಲ್ಲ?"

"ಹುಚ್ಚಿ, ಅದು ಯಾವ ಕಾಲ, ಇದು ಯಾವ ಕಾಲ" ಎಂದೆ. ಆದರೆ ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಲು ಲಾಲ್ ಬಹದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಇಟ್ಟದ್ದು 1964ರಲ್ಲಿ. ನಮ್ಮ ಮನೆಯಲ್ಲಿ ಅಣ್ಣನ ವಯಸ್ಸು ಲೆಕ್ಕ ಹಾಕುವುದು ಆ ಕಲ್ಲಿನಿಂದಲೇ. ಅವ್ವನಿಗಾಗ ಹದಿನೆಂಟು ವರ್ಷ. ನಮ್ಮಲ್ಲಿ ಸಂಬಂಧದೊಳಗೇ ಕೊಟ್ಟು ತರುವ ರೂಢಿಯಿದ್ದುದರಿಂದ ಅವ್ವನ ತವರೂ ಇದೇ ಊರು, ನನ್ನ ತವರೂ ಇದೇ ಊರು. ಹಾಗಾಗಿ ಅಣ್ಣ ಹುಟ್ಟಿದ ಪಡಸಾಲೆ, ಆ ಕತ್ತಲೆ ಕೋಣೆ, ನೀರು ಕಾಸಿದ ಹಂಡೆ ಎಲ್ಲವನ್ನೂ ನಾವು ನೋಡುತ್ತಲೇ ಬೆಳೆದವರು. ಆ ಕಥೆಯನ್ನು ಅವ್ವ ನಮಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

"ರಾತ್ರಿ ಎಲ್ಲಾ ಬ್ಯಾನಿ. ಬೆಳ್ಳಿ ಚಿಕ್ಕಿ ಮೂಡೂ ಹೊತ್ತಿಗೆ ತಲಿ ಬಂತು. ಆಮ್ಯಾಲ ಏನೂ ಬರಲಿಲ್ಲ. ಹೆಗಲ ಸಿಕ್ಕೊಂಡ್ವು. ಸೂಲಗಿತ್ತಿ 'ಶಿವನ, ಶಿವನ' ಅಂತ ಅಂದದ್ದು ಕೇಳಿಸಿತು. ಎಳದ್ಲು."

ಕೂಸು ಅಳಲು ತಡಮಾಡಿತಂತೆ. ಅತ್ತ ಮೇಲೆ ಮನೆಯವರೆಲ್ಲ ಹಿಗ್ಗಿದರು. ತೂಕದ ಕಲ್ಲಿಟ್ಟು ತೂಗಿದವರಿಲ್ಲ, ಆದರೆ ನೋಡಿದವರೆಲ್ಲ ಮೂರು ತಿಂಗಳ ಕೂಸಿನಂತಿದೆ ಎಂದರು. ಮರುದಿನ ಎರೆಯುವಾಗ ಆಯಿಯ ಕಣ್ಣಿಗೆ ಬಿತ್ತು: ಎಡಗೈ ಗಾಳಿಯಲ್ಲಿ ಆಡುತ್ತಿದೆ, ಬಲಗೈ ಎತ್ತಲೊಲ್ಲದು. ಮೈಗೆ ಅಂಟಿಕೊಂಡು, ಅಂಗೈ ಹಿಂದಕ್ಕೆ ತಿರುಗಿ ಜೋತುಬಿದ್ದಿದೆ. ಎಣ್ಣೆ ತಿಕ್ಕಿದರು, ಹರಕೆ ಹೊತ್ತರು. ಇಂಥ ಕೈ ಎಷ್ಟೋ ಕೂಸುಗಳಿಗೆ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆಯಂತೆ. ಅಣ್ಣನಿಗೆ ಸರಿಹೋಗಲಿಲ್ಲ.

ಅಣ್ಣ ಎಡಗೈಯಲ್ಲೇ ಬರೆದ, ಎಡಗೈಯಲ್ಲೇ ಎತ್ತಿನ ಹಗ್ಗ ಹಿಡಿದ. ರುಮಾಲು ಸುತ್ತುವಾಗ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ಕನ್ಯೆ ನೋಡಲು ಹೋದ ಕಡೆಯೆಲ್ಲ ಹುಡುಗಿಯ ಕಡೆಯವರ ಕಣ್ಣು ಮೊದಲು ಆ ಕೈಯ ಮೇಲೆ ಬೀಳುತ್ತಿತ್ತು. ಆತ ಎಂದೂ ದೂರಿದವನಲ್ಲ. ದೂರಿದ್ದು ಊರು. "ಕೈ ಮುರದಾಕಿ" ಎಂದು ಆ ಸೂಲಗಿತ್ತಿಗೆ ಹೆಸರು ಬಿತ್ತು. ನಮ್ಮ ಮನೆಯ ಹೊಸ್ತಿಲನ್ನು ಆಕೆ ಮತ್ತೆ ತುಳಿಯಲಿಲ್ಲ, ನಾವೂ ಕರೆಯಲಿಲ್ಲ.

ಅವ್ವ ಮಾತ್ರ ಸೂಲಗಿತ್ತಿಯನ್ನು ಬೈದದ್ದನ್ನು ನಾನು ಕೇಳಿಲ್ಲ. ಆಕೆಯ ಲೆಕ್ಕವೇ ಬೇರೆ. "ನಂದ ತಪ್ಪು. ಬಸರಾಗ ತಿನಬಾರದಷ್ಟು ತಿಂದೆ. ಕುಬಸದಾಗ ಮಾದಲಿ ಎರಡೆರಡು ಸಲ ಹಾಕಿಸಿಕೊಂಡೆ, ಬೆಲ್ಲ ಕದ್ದು ತಿಂದೆ. ಕೂಸು ಬೆಳದು ಕೂತಿತು" ಎನ್ನುತ್ತಿದ್ದಳು. ಹಾಗೆಂದೇ ಮೂರು ವರ್ಷದ ಮೇಲೆ ನಾನು ಹೊಟ್ಟೆಯಲ್ಲಿದ್ದಾಗ ಆಕೆ ತನಗೆ ತಾನೇ ಶಿಕ್ಷೆ ಹಾಕಿಕೊಂಡಳು. ಹೊತ್ತಿಗೆ ಒಂದೇ ರೊಟ್ಟಿ. ತುಪ್ಪ ಮುಟ್ಟಲಿಲ್ಲ, ಹಾಲು ಕುಡಿಯಲಿಲ್ಲ. ನಾನು ಹುಟ್ಟಿದ್ದು ಸರಾಗವಾಗಿ, ಆದರೆ ಅಂಗೈ ಅಗಲದ ಕೂಸಾಗಿ. ವರ್ಷ ತುಂಬುವವರೆಗೂ ಉಳಿಯುವ ನಂಬಿಕೆ ಇರಲಿಲ್ಲವಂತೆ. "ನಿನ್ನ ಹಡಿಯೂದು ಹಗರಾತು, ಸಾಕೂದು ಭಾರಾತು" ಎಂದು ಅವ್ವ ಈಗಲೂ ನಗುತ್ತಾಳೆ. ಆ ನಗೆಯ ಕೆಳಗೆ ಎಂಥ ಹೆದರಿಕೆ ಇತ್ತೆಂಬುದು ನನಗೆ ತಿಳಿದದ್ದು ಮಗಳ ಬಸುರಿನಲ್ಲಿ.

ಬಸುರಿ ಕಡಿಮೆ ಉಂಡರೆ ಹೆರಿಗೆ ಹಗುರ ಎಂಬ ಲೆಕ್ಕ ನಮ್ಮವ್ವ ಒಬ್ಬಳದೇ ಅಲ್ಲ. ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ದಂಪತಿ ನಮ್ಮ ಕರಾವಳಿಯ ಹಳ್ಳಿಗಳಲ್ಲಿದ್ದು ಬಸುರಿಯರ ಊಟದ ಬಗ್ಗೆ 1983ರಲ್ಲಿ ಬರೆದಿದ್ದಾರೆ. ಹೊಟ್ಟೆಯಲ್ಲಿ ಅನ್ನಕ್ಕೂ ಕೂಸಿಗೂ ಒಂದೇ ಜಾಗ, ಅನ್ನ ಹೆಚ್ಚಾದರೆ ಕೂಸಿಗೆ ಇಕ್ಕಟ್ಟು, ಕೂಸು ದೊಡ್ಡದಾದರೆ ತಾಯಿಗೆ ಕಷ್ಟ ಎಂಬ ಮಾತನ್ನು ಅವರು ಅಲ್ಲಿ ಕೇಳಿದರು. ಕೃಷ್ಣೆಯ ದಂಡೆಯ ಅವ್ವನೂ ಕಡಲ ದಂಡೆಯ ತಾಯಂದಿರೂ ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಮಾತು ಆಡಿದ್ದರು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಹೆಣ್ಣುಮಕ್ಕಳ ಕೈಯಲ್ಲಿ ಇದ್ದ ಹತೋಟಿ ಅದೊಂದೇ: ತಮ್ಮ ಊಟದ ತಾಟು.

ಈಗ ಆ ತಾಟು ನನ್ನ ಮಗಳ ಮುಂದಿತ್ತು. ಕೂಸು ದೊಡ್ಡದೆಂಬ ಸುದ್ದಿ ಕಿವಿಗೆ ಬಿದ್ದ ದಿನದಿಂದ ಎಪ್ಪತ್ತಾರರ ಅವ್ವ ಹೊತ್ತುಹೊತ್ತಿಗೆ ಸರಿಯಾಗಿ ಅಣ್ಣನ ಮನೆಯಿಂದ ಕೋಲೂರಿಕೊಂಡು ನಮ್ಮ ಮನೆಗೆ ಬರತೊಡಗಿದಳು. ಮಗಳು ಎರಡನೇ ರೊಟ್ಟಿಗೆ ಕೈ ಹಾಕಿದರೆ, "ಸಾಕ ಏಳವ್ವ" ಎಂದು ಬುಟ್ಟಿ ಆಚೆ ಸರಿಸುತ್ತಿದ್ದಳು. ಮಗಳು ನನ್ನ ಮುಖ ನೋಡುವಳು, ನಾನು ಗೋಡೆ ನೋಡುವೆ.

ಓಣಿಯವರದು ಇನ್ನೊಂದು ಬಗೆ. "ದೊಡ್ಡ ಕೂಸಂದ್ರ ಪುಣ್ಯಾ ಮಾಡಿರಬೇಕ್ರಿ" ಎಂದು ಹಿಗ್ಗುವವರು. ಒಬ್ಬಾಕೆಗೆ ಹಾಸನದ ಸುದ್ದಿ ನೆನಪಿತ್ತು. 2016ರ ಮೇ ತಿಂಗಳಲ್ಲಿ ಹಾಸನದ ಸರಕಾರಿ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದ ತಾಯಿಯೊಬ್ಬಳು 6.8 ಕಿಲೋ ತೂಗುವ ಹೆಣ್ಣು ಕೂಸಿಗೆ ಸಿಸೇರಿಯನ್ ಮೂಲಕ ಜನ್ಮ ಕೊಟ್ಟ ಸುದ್ದಿ ದೇಶ ವಿದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಮ್ಮ ದೇಶದ ಕೂಸುಗಳ ಸರಾಸರಿ ತೂಕ ಮೂರು ಕಿಲೋಕ್ಕೂ ತುಸು ಕಡಿಮೆ, ಎರಡೂವರೆ ಕಿಲೋಕ್ಕಿಂತ ಕಡಿಮೆಯಿದ್ದರೆ ಕಡಿಮೆ ತೂಕದ ಕೂಸು, ನಾಲ್ಕು ದಾಟಿದರೆ ದೊಡ್ಡ ಕೂಸು ಎಂಬ ಲೆಕ್ಕ ಇಟ್ಟುಕೊಂಡು ನೋಡಿದರೆ 6.8 ಎಂದರೆ ಏನೆಂದು ತಿಳಿಯುತ್ತದೆ. ನಾವೂ ಆಗ ಬಾಯಿ ತೆರೆದು ಓದಿದ್ದೆವು. ತಾಯಿಯ ಜೀವ ಹೇಗಿದೆ ಎಂದು ನಮ್ಮಲ್ಲಿ ಕೇಳಿದವರು ಕಡಿಮೆ.

ದಾಖಲೆಗಳ ಮಾತು ಬಂದರೆ ಇನ್ನೊಂದನ್ನೂ ಹೇಳಬೇಕು. ಗಿನ್ನೆಸ್ ಪುಸ್ತಕದಲ್ಲಿ ಅತಿ ಭಾರದ ಕೂಸೆಂದು ದಾಖಲಾಗಿರುವುದು 1879ರ ಜನವರಿಯಲ್ಲಿ ಅಮೆರಿಕದ ಒಹಾಯೊದಲ್ಲಿ ಆನಾ ಬೇಟ್ಸ್ ಎಂಬ ಅತಿ ಎತ್ತರದ ಹೆಂಗಸು ಹೆತ್ತ ಗಂಡು ಕೂಸು. ತೂಕ 9.98 ಕಿಲೋ. ಅದು ಬದುಕಿದ್ದು ಹನ್ನೊಂದು ತಾಸು. ಆ ತಾಯಿಗೆ ಆ ದಾಖಲೆಯಿಂದ ಏನು ಬಂತು?

ಮುಂದಿನ ವಾರ ಡಾಕ್ಟರಮ್ಮನ ಮುಂದೆ ಕೂತಾಗ ನಾನು ಸಂಕೋಚ ಬಿಟ್ಟು ಅಣ್ಣನ ಕಥೆ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: "ನಿಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇದೆಯೇ?"

ಇದೆ. ಐವತ್ತನೆಯ ವರ್ಷದಲ್ಲಿ ಗೊತ್ತಾಯಿತು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಅವರು ತಿಳಿಸಿ ಹೇಳಿದರು. ಕೆಲವರಿಗೆ ಬಸುರಿನಲ್ಲಿ ಮಾತ್ರ ರಕ್ತದ ಸಕ್ಕರೆ ಏರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ತಾಯಿಯ ರಕ್ತದ ಸಕ್ಕರೆ ಮಾಸಿನ ಮೂಲಕ ಕೂಸಿಗೆ ಹೋಗುತ್ತದೆ, ಆದರೆ ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಆಗ ಕೂಸು ತನ್ನದೇ ಇನ್ಸುಲಿನ್ನನ್ನು ಹೆಚ್ಚು ಹೆಚ್ಚು ಮಾಡುತ್ತದೆ. ಆ ಇನ್ಸುಲಿನ್ ಸಕ್ಕರೆಯನ್ನು ಕೊಬ್ಬಾಗಿ ಕೂಡಿಡುತ್ತದೆ, ಅದರಲ್ಲೂ ಹೆಗಲು, ಎದೆ, ಹೊಟ್ಟೆಯ ಸುತ್ತ. ತಲೆಗಿಂತ ಹೆಗಲು ಅಗಲವಾದರೆ ತೊಡಕು ಅಲ್ಲಿಯೇ. ಕೋಪನ್‌ಹೇಗನ್ನಿನ ಯೋರ್ಗನ್ ಪೆಡರ್ಸನ್ ಎಂಬ ವೈದ್ಯರು 1950ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರಂತೆ. ಆ ಮಾತು ಗೊಳಸಂಗಿಯ ಕತ್ತಲೆ ಕೋಣೆಯವರೆಗೆ ಬರಲು ಇಷ್ಟು ಕಾಲ ಬೇಕಾಯಿತು.

ಪರೀಕ್ಷೆ ಏನು ದೊಡ್ಡದಲ್ಲ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ, ಎರಡು ತಾಸು ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಸುರಿನ ಸಕ್ಕರೆ ಕಾಯಿಲೆ ಎಂದು ಅರ್ಥ. ಉಂಡಿರಲಿ, ಉಪವಾಸವಿರಲಿ, ನಡೆಯುತ್ತದೆ. ಬಸುರಿಯ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ ಮಾಡಬೇಕೆಂದು ಕೇಂದ್ರ ಸರಕಾರದ 2014ರ ಮಾರ್ಗಸೂಚಿಯಲ್ಲೇ ಇದೆ. ನನ್ನ ಮಗಳಿಗೆ ಮೊದಲನೆಯದು ಬೆಂಗಳೂರಿನಲ್ಲಿ ಆಗಿ ಸರಿಯಿತ್ತು. ಎರಡನೆಯದು ಊರು ಬದಲಿಸುವ ಗಡಿಬಿಡಿಯಲ್ಲಿ ತಪ್ಪಿಹೋಗಿತ್ತು. ಅಂದೇ ಮಾಡಿಸಿದೆವು. 168 ಬಂತು.

ಮಗಳು ಅತ್ತಳು. "ನಾ ಏನ್ ತಿಂದೇನವ್ವಾ ಅಂಥಾದ್ದು?" ಎಂದಳು. ಥೇಟ್ ಅವಳ ಆಯಿಯ ಮಾತು. ಡಾಕ್ಟರಮ್ಮ ಅವಳ ಕೈ ಹಿಡಿದು, "ಇದು ನೀನು ತಿಂದು ಬಂದದ್ದಲ್ಲಮ್ಮ. ಬಸುರಿನಲ್ಲಿ ಮಾಸು ಸುರಿಸುವ ರಸಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಮನೆತನದಲ್ಲಿ ಸಕ್ಕರೆ ಇದ್ದವರಿಗೆ ಅದು ತಡೆಯುವುದಿಲ್ಲ. ಜೊತೆಗೆ ನಿನ್ನ ಗಂಡನನ್ನು ನೋಡು, ಆರಡಿ ಇದ್ದಾನೆ. ಕೂಸು ದೊಡ್ಡದಾಗುವುದಕ್ಕೆ ಅವನ ಪಾಲೂ ಇದೆ" ಎಂದರು. ಅಳಿಯ ಮೊದಲ ಸಲ ತಲೆ ತಗ್ಗಿಸಿದ. ಮಗಳು ಅಳುತ್ತಲೇ ನಕ್ಕಳು.

ಇದೆಲ್ಲ ಪರದೇಶದ ಮಾತೆಂದು ತಿಳಿಯಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುವ ಅಲ್ಲಿ, 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ದೊಡ್ಡವರಾಗಿದ್ದ ಆ ಕೂಸುಗಳನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಬಂದ ಬರಹದ ಪ್ರಕಾರ ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು. 1998ರ ಬರಹದ ಪ್ರಕಾರ ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಆಮೇಲೆ ಅದೇ ಆಸ್ಪತ್ರೆಯಲ್ಲಿ ಬಸುರಿಯರನ್ನೇ ಪರೀಕ್ಷಿಸಿದಾಗ ನೂರಕ್ಕೆ ಆರರಷ್ಟು ಮಂದಿಯಲ್ಲಿ ಬಸುರಿನ ಸಕ್ಕರೆ ಕಂಡಿತು. ಅಂದರೆ ಅವ್ವ ಉಪವಾಸದಿಂದ ನನ್ನನ್ನು ಸಣ್ಣಗೆ ಹಡೆದದ್ದೂ ಗೆಲುವಲ್ಲ, ಓಣಿಯವರು ಹಿಗ್ಗುವ ದುಂಡು ಕೂಸೂ ಗೆಲುವಲ್ಲ.

ಮನೆಗೆ ಬಂದು ಅವ್ವನಿಗೆ ಪಥ್ಯದ ಚೀಟಿ ಓದಿ ಹೇಳಿದೆ. ಆಕೆಗೆ ಅಚ್ಚರಿ. ಚೀಟಿಯಲ್ಲಿ ಊಟ ಬಿಡು ಎಂದಿರಲಿಲ್ಲ, ಊಟ ಹಂಚಿಕೊಂಡು ಉಣ್ಣು ಎಂದಿತ್ತು. ದಿನಕ್ಕೆ ಮೂರು ಊಟ, ನಡುವೆ ಸಣ್ಣ ಫಳಾರ. ಜೋಳದ ರೊಟ್ಟಿ ಲೆಕ್ಕವಿಟ್ಟು, ಮಡಕಿ ಕಾಳಿನ ಪಲ್ಯ, ಪುಂಡಿ ಪಲ್ಯ, ಮೊಸರು ಧಾರಾಳವಾಗಿ. ಸಜ್ಜಕ, ಸಕ್ಕರೆ ಹಾಕಿದ ಚಹಾ ಬೇಡ. ಉಂಡ ಮೇಲೆ ನಡೆದಾಡಬೇಕು. ಅವ್ವ ಎರಡು ಸಲ ಕೇಳಿದಳು: "ಅಂದ್ರ ಹಸದು ಇರೂದು ಬ್ಯಾಡಂತಾರ?" ಬೇಡವೇ ಬೇಡ ಎಂದೆ. ಅಂದಿನಿಂದ ಬುಟ್ಟಿ ಸರಿಸುವುದು ನಿಂತಿತು. ಸಂಜೆ ಮೊಮ್ಮಗಳ ಜೊತೆ ಓಣಿಯ ತುದಿಯವರೆಗೆ ಕೋಲೂರಿ ನಡೆಯುವುದು ಸುರುವಾಯಿತು.

ಎರಡು ವಾರದ ಪಥ್ಯದ ಮೇಲೆ ಊಟವಾಗಿ ಎರಡು ತಾಸಿಗೆ ಸಕ್ಕರೆ 120ರೊಳಗೆ ಇಳಿಯಬೇಕಿತ್ತು, ಇಳಿಯಲಿಲ್ಲ. ಇನ್ಸುಲಿನ್ ಸೂಜಿ ಬಂತು. ಒಂಬತ್ತರಲ್ಲಿ ಕುಬಸ ಮಾಡಿದೆವು. ಹಸಿರು ಸೀರೆ, ಹಸಿರು ಬಳೆ, ಬೀಗರು ತಂದ ಹೋಳಿಗೆ, ಮಾದಲಿ ಎಲ್ಲ ಇತ್ತು. ಮಗಳು ಒಂದು ಚೂರು ಮಾದಲಿ ಬಾಯಿಗಿಟ್ಟುಕೊಂಡು ಉಳಿದದ್ದನ್ನು ಅಳಿಯನ ತಾಟಿಗೆ ಹಾಕಿದಳು. ಅವ್ವ ಅದನ್ನು ನೋಡುತ್ತ ಕೂತಿದ್ದಳು.

ಕೊನೆಯ ಸ್ಕ್ಯಾನಿನಲ್ಲಿ ಕೂಸಿನ ತೂಕ 3.8 ಕಿಲೋ ಎಂದು ಬಂತು. ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು: "ಸ್ಕ್ಯಾನಿನ ತೂಕ ಅಂದಾಜು ಮಾತ್ರ. ಹತ್ತಕ್ಕೆ ಒಂದು ಪಾಲು ಆ ಕಡೆ ಈ ಕಡೆ ಆಗಬಹುದು. ಸಕ್ಕರೆ ಇರುವ ತಾಯಿಯಲ್ಲಿ ನಾಲ್ಕು ದಾಟಿತೆಂದು ಕಂಡರೆ ಸಿಸೇರಿಯನ್ ಮಾತು ತೆಗೆಯುತ್ತೇವೆ. ನೀವು ಅಂಚಿನಲ್ಲಿದ್ದೀರಿ. ಎರಡಕ್ಕೂ ನಾವು ತಯಾರು." ಹೆಗಲು ಸಿಕ್ಕಿಕೊಳ್ಳುವ ಪ್ರಸಂಗಗಳಲ್ಲಿ ಸುಮಾರು ಅರ್ಧ ನಾಲ್ಕು ಕಿಲೋದ ಒಳಗಿನ ಕೂಸುಗಳಲ್ಲೇ ಆಗುತ್ತವಂತೆ. ದೊಡ್ಡ ಕೂಸುಗಳಲ್ಲಿ ಹೆಚ್ಚಿನವು ಯಾವ ತೊಡಕೂ ಇಲ್ಲದೆ ಹುಟ್ಟುತ್ತವಂತೆ. ಹೀಗಾಗಿ ತೂಕವೊಂದನ್ನೇ ನಂಬುವಂತಿಲ್ಲ, ತಿಳಿದ ಕೈಗಳು ಹತ್ತಿರ ಇರಬೇಕು. ಮಗಳು ಸಹಜ ಹೆರಿಗೆಗೆ ಒಪ್ಪಿದಳು. ನಾನು ಬೇಡವೆನ್ನಲಿಲ್ಲ, ಹೂಂ ಎನ್ನುವ ಧೈರ್ಯವೂ ಬರಲಿಲ್ಲ.

39ನೆಯ ವಾರದಲ್ಲಿ ಆಸ್ಪತ್ರೆಯಲ್ಲಿ ಬ್ಯಾನಿ ಬರಿಸಿದರು. ಹೊರಗೆ ಬೆಂಚಿನ ಮೇಲೆ ನಾನು, ಅಳಿಯ, ಎಡಗೈಯಲ್ಲಿ ಊಟದ ಡಬ್ಬಿ ಹಿಡಿದ ಅಣ್ಣ. ಒಳಗೆ ನಡೆದದ್ದನ್ನು ಮಗಳು ಆಮೇಲೆ ಹೇಳಿದಳು. ತಲೆ ಬಂತು, ನಿಂತಿತು. ಡಾಕ್ಟರಮ್ಮ "ಹೆಗಲು" ಎಂದು ಒಂದೇ ಮಾತು ಅಂದರು. ಯಾರೂ ಚೀರಲಿಲ್ಲ, ಯಾರೂ ಜಗ್ಗಲಿಲ್ಲ. ಇಬ್ಬರು ನರ್ಸಮ್ಮಂದಿರು ಆಚೆ ಒಬ್ಬರು ಈಚೆ ಒಬ್ಬರು ನಿಂತು ಅವಳ ಎರಡೂ ತೊಡೆಗಳನ್ನು ಮಡಚಿ ಮೊಣಕಾಲು ಹೊಟ್ಟೆಗೆ ತಾಗುವಂತೆ ಒತ್ತಿದರು. ಇನ್ನೊಬ್ಬರು ಕೆಳಹೊಟ್ಟೆಯ ಎಲುಬಿನ ಮೇಲೆ ಅಂಗೈ ಊರಿ ಅದುಮಿದರು. ಸಿಕ್ಕ ಹೆಗಲು ಜಾರಿತು. ನಿಮಿಷವೂ ಹಿಡಿಯಲಿಲ್ಲವಂತೆ.

ಈ ಮೊಣಕಾಲು ಮಡಚುವ ಉಪಾಯಕ್ಕೆ ಅಮೆರಿಕದ ಹ್ಯೂಸ್ಟನ್ನಿನ ವೈದ್ಯ ಮ್ಯಾಕ್‌ರಾಬರ್ಟ್ಸ್ ಅವರ ಹೆಸರಿದೆ. ಹಾಗೆ ಮಾಡಿದಾಗ ತಾಯಿಯ ಸೊಂಟದ ಎಲುಬು ತಿರುಗಿ ಕೂಸಿನ ಹೆಗಲಿಗೆ ದಾರಿಯಾಗುತ್ತದೆ. ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂದದ್ದು 1983ರಲ್ಲಿ. ಅಣ್ಣನಿಗೆ ಆಗ ಹತ್ತೊಂಬತ್ತು ವರ್ಷ. ಅದನ್ನು ಓದಿದಾಗ ನನಗೆ ಹೊಳೆದದ್ದು ಬೇರೆಯೇ. ತಲೆ ಬಂದು ಹೆಗಲು ನಿಂತಾಗ ಕೂಸಿಗೆ ಉಳಿದಿರುವುದು ಕೆಲವೇ ನಿಮಿಷ. ಅಂದು ಆ ಸೂಲಗಿತ್ತಿ ಎಳೆಯದೆ ಕೂತಿದ್ದರೆ ಅಣ್ಣನೇ ಇರುತ್ತಿರಲಿಲ್ಲ. ಕುತ್ತಿಗೆಯಿಂದ ತೋಳಿಗೆ ಹೋಗುವ ನರ ಜಗ್ಗಿತು, ನಿಜ. ಜೀವ ಉಳಿಯಿತು, ಅದೂ ನಿಜ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಮ್ಮ ಮನೆಯ ಮಗನನ್ನು ಉಳಿಸಿಕೊಟ್ಟವಳಿಗೆ ನಾವು ಕೊಟ್ಟದ್ದು ಒಂದು ಅಡ್ಡಹೆಸರು.

ಕೂಸು 4.1 ಕಿಲೋ ಇತ್ತು, ಗಂಡು. ಹುಟ್ಟಿದ ತಾಸಿನೊಳಗೆ ಹಿಮ್ಮಡಿ ಚುಚ್ಚಿ ಅದರ ಸಕ್ಕರೆ ನೋಡಿದರು. ತಾಯಿಯ ಸಕ್ಕರೆ ಬರುವುದು ನಿಂತರೂ ಕೂಸಿನ ಇನ್ಸುಲಿನ್ ಕೂಡಲೇ ನಿಲ್ಲುವುದಿಲ್ಲ, ಹಾಗಾಗಿ ಸಕ್ಕರೆ ಒಮ್ಮೆಲೇ ಕುಸಿಯುತ್ತದೆಯಂತೆ. ತುಸು ಕಡಿಮೆಯೇ ಇತ್ತು. ತಡಮಾಡದೆ ಎದೆಹಾಲು ಕುಡಿಸಿದರು, ಮತ್ತೆ ಮತ್ತೆ ನೋಡಿದರು, ಸಂಜೆಗೆ ಸರಿಹೋಯಿತು. ಆರು ವಾರದ ಮೇಲೆ ಮಗಳು ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು, ಆಮೇಲೂ ವರ್ಷ ವರ್ಷ ಮರೆಯಬಾರದು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಬಸುರಿನಲ್ಲಿ ಬಂದು ಹೋದ ಸಕ್ಕರೆ ನಡುವಯಸ್ಸಿನಲ್ಲಿ ತಿರುಗಿ ಬರುವುದುಂಟು. ಅವ್ವನಿಗೆ ಬಂದದ್ದು ಹಾಗೆಯೇ ಇದ್ದೀತು.

ಊರಿಗೆ ಫೋನು ಮಾಡಿದೆ. ಗಂಡೋ ಹೆಣ್ಣೋ ಎಂದು ಅವ್ವ ಕೇಳಲಿಲ್ಲ, ತೂಕ ಕೇಳಲಿಲ್ಲ. "ಎರಡೂ ಕೈ ಎತ್ತತೈತೇನು?" ಎಂದಳು.

"ಎರಡೂ ಎತ್ತತೈತಿ ಅವ್ವಾ."

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ.

ಬಾಣಂತಿಯನ್ನು ಮನೆಗೆ ಕರೆತಂದ ಮೇಲೆ ಒಂದು ಮಧ್ಯಾಹ್ನ ಅವ್ವನ ಹತ್ತಿರ ಕೂತು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ನಿನಗೂ ಆಗ ಸಕ್ಕರೆ ಇದ್ದಿರಬಹುದು, ನೋಡುವವರು ಇರಲಿಲ್ಲ. ಮಾದಲಿಯಿಂದ ಆದದ್ದಲ್ಲ, ನಿನ್ನ ತಪ್ಪಲ್ಲ ಎಂದೆ. ಅವ್ವ ತೊಟ್ಟಿಲ ಹಗ್ಗ ಜಗ್ಗುತ್ತಿದ್ದವಳು ನಿಲ್ಲಿಸಿದಳು. ಅಳುತ್ತಾಳೆಂದು ಅಂದುಕೊಂಡೆ, ಅಳಲಿಲ್ಲ. "ಹಂಗಾರ ಆಕಿದೂ ತಪ್ಪಲ್ಲ" ಎಂದಳು.

ಯಾರೆಂದು ನನಗೆ ತಕ್ಷಣ ತಿಳಿಯಲಿಲ್ಲ.

ಆ ಸೂಲಗಿತ್ತಿ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆಕೆಯ ಸೊಸೆ, ಮೊಮ್ಮಕ್ಕಳು ಕೆಳಗಿನ ಓಣಿಯಲ್ಲಿದ್ದಾರೆ. ಕೂಸಿಗೆ ಹೆಸರಿಡುವ ದಿನ ಯಾರು ಯಾರಿಗೆ ಹೇಳಬೇಕೆಂದು ಪಟ್ಟಿ ಮಾಡುತ್ತಿದ್ದಾಗ ಅವ್ವ ಅಣ್ಣನನ್ನು ಕರೆದು, "ಅವರ ಮನಿಗೆ ನೀನ ಹೋಗಿ ಹೇಳಿ ಬಾ" ಎಂದಳು. ಅಣ್ಣ ರುಮಾಲಿನ ತುದಿ ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಸುತ್ತಿಕೊಂಡು ಹೊರಟ.

ಅವರು ಬಂದರು. ಸೊಸೆ ಕೂಸಿಗೆಂದು ಒಂದು ಕುಂಚಿಗೆ ಹೊಲಿದು ತಂದಿದ್ದಳು. ಅವ್ವ ಆಕೆಯನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ತಾಟಿಗೆ ತಾನೇ ಮಾದಲಿ ಬಡಿಸಿ, ಮೇಲೆ ತುಪ್ಪ ಹಾಕಿದಳು. ಎರಡು ಸಲ.